ಮೂರನೇ ದರ್ಜೆಯ ಡಬ್ಬಿ

ಭಾಲ್ಕಿ
೧೩ ಖುರ್ದಾದ್, ಫಸಲಿ ೧೩೪೬

ತಂಗಿ ಸುಭದ್ರಾಬಾಯಿಗೆ ಅಣ್ಣ ಹಾವಗೆಪ್ಪನ ಆಶೀರ್ವಾದಗಳು. ನಾವೆಲ್ಲ ಕ್ಷೇಮ. ಔರಾದದಲ್ಲಿ ನೀನೂ ಕ್ಷೇಮವೆಂದು ನಂಬಿದ್ದೇನೆ.

ಮೊದಲು ಲೆಕ್ಕ ಹೇಳಿಬಿಡುತ್ತೇನೆ. ಒಂದು ಗೇಣು ಉದ್ದದ ಆಟದ ರೈಲು ಡಬ್ಬಿಗೆ ನನಗೆ ಬಿದ್ದ ಖರ್ಚು: ಬೀದರದ ಬಿದರಿ ಕೆಲಸದ ಕುತುಬೋದ್ದೀನನಿಗೆ ಇಪ್ಪತ್ತೆರಡು ಹಾಲಿ ಸಿಕ್ಕಾ ರೂಪಾಯಿ, ನಿನ್ನ ಅತ್ತಿಗೆ ಕಸ್ತೂರಿಬಾಯಿಯ ಒಂದು ಬೆಳ್ಳಿ ಕಡಗ, ಆ ಕಡಗದ ದೆಸೆಯಿಂದ ಒಂದು ವಾರ ಉಪ್ಪಿಲ್ಲದ ಬೇಳೆ, ಮತ್ತು ನನ್ನ ನಿದ್ದೆ. ನಿದ್ದೆಯ ದರ ಬಾಜಾರದಲ್ಲಿ ಯಾರಿಗೂ ಗೊತ್ತಿರಲಿಲ್ಲ, ಅದನ್ನು ಕೂಡಿಸಿಲ್ಲ.

ನೀನು ಸಂಕ್ರಮಣದ ಹೊತ್ತಿಗೆ ಬರೆದ ಕಾಗದಕ್ಕೆ ಈಗ ಉತ್ತರ ಬರೆಯುತ್ತಿದ್ದೇನೆ, ಸಿಟ್ಟಾಗಬೇಡ. “ಅಣ್ಣಾ, ಎರಡು ವರ್ಷ ಆಯ್ತು. ಅವ್ರು ಬರ್ತಾರೋ ಇಲ್ಲೋ ಖರೇ ಹೇಳು. ಕಾಯ್ಲ್ಯಾ, ಬಿಡ್ಲ್ಯಾ?” ಎಂದು ಕೇಳಿದ್ದೆ. ಉತ್ತರ ಸಿಕ್ಕಿದೆ. ಬರೆಯಲು ಕೂತಾಗಲೆಲ್ಲ ನಿನ್ನ ಹೆಸರಿನ ಮೊದಲಿಗೆ ಸೌಭಾಗ್ಯವತಿಯ ‘ಸೌ’ ಹಾಕಬೇಕೋ ಬಿಡಬೇಕೋ ಎಂಬಲ್ಲೇ ಲೇಖಣಿ ನಿಲ್ಲುತ್ತಿತ್ತು. ಎರಡು ಕಾರ್ಡು ಹರಿದುಹಾಕಿದೆ. ಈ ಸಲ ಹಾಕಿಲ್ಲ, ನೋಡಿರುತ್ತೀ. ಕೂತುಕೋ ತಂಗಿ. ಬಾಗಿಲು ಹಾಕಿಕೊಂಡು ಮೊದಲು ಒಬ್ಬಳೇ ಓದು.

ನನ್ನ ಹುಚ್ಚು ನಿನಗೆ ಗೊತ್ತೇ ಇದೆ. ಬೆಲ್ಲ ಹೊತ್ತು ಮೆಹಕರ, ಖಟಕ ಚಿಂಚೋಳಿ ಎಂದು ಕಾಲಿನಲ್ಲೇ ತಿರುಗಿ ಅಂಗಡಿ ಮಾಡಿದವನು ನಾನು. ರೈಲು ಬಂದಿತು, ಕಾಲಿಗೆ ಬಿಡುವಾಯಿತು, ತಲೆಗೆ ಕೆಲಸ ಹತ್ತಿತು. ಬೀದರಕ್ಕೆ ಮೊದಲ ಗಾಡಿ ಬಂದ ನೆನಪಿಗೆಂದು ಹೈದರಾಬಾದಿನಲ್ಲಿ ಮಾರಿದ ತಗಡಿನ ಕೆಂಪು ಡಬ್ಬಿ ತಂದೆ. ಈ ವರ್ಷ ಸರ್ಕಾರದ ಜುಬಿಲಿಗೆ ಬಂದ ಚಿನ್ನದ ಅಂಚಿನ ನೀಲಿ ಡಬ್ಬಿ ತಂದೆ. “ಇಷ್ಟೇ ಮಾಡಿದ್ದು, ಮತ್ತೆ ಮಾಡೂದಿಲ್ಲ” ಎಂದು ಯಾರಾದರೂ ಅಂದರೆ ಸಾಕು, ನನ್ನ ಕೈ ತಾನೇ ಜೇಬಿಗೆ ಹೋಗುತ್ತದೆ. ಎಷ್ಟೋ ಗಿರಾಕಿಗಳನ್ನು ಇದೇ ಮಾತಿನಿಂದ ಕೆಡವಿದವನು ಅದೇ ಮಾತಿಗೆ ಬೀಳುತ್ತೇನೆ.

ಆಮೇಲೆ ತಗಡು ಸಾಲದಾಯಿತು. ಬೀದರದಿಂದ ಭಾಲ್ಕಿಯ ಕಡೆಗೆ ಹಾಕಿದ ಹಳಿಯ ಒಂದೊಂದು ತುಂಡಿನ ನೆನಪಿಗೆ ಒಂದೊಂದು ಬಿದರಿ ಡಬ್ಬಿ ಮಾಡಿಕೊಡು ಎಂದು ಕುತುಬೋದ್ದೀನನಿಗೆ ಹೇಳಿದೆ. ಬಿದರಿ ಕೆಲಸ ನೀನು ಕಂಡಿದ್ದೀ. ಬೂದು ಲೋಹದಲ್ಲಿ ಬೆಳ್ಳಿ ಕೂಡಿಸಿ, ಕಿಲ್ಲೆಯೊಳಗಿನ ಹಳೆಯ ಮಣ್ಣು ಕಲಸಿ ಕುದಿಸಿದರೆ ಲೋಹ ಕರ್ರಗಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ನಾನು ಅದಕ್ಕೆ ಒಂದು ಹಟ ಸೇರಿಸಿದೆ: ಯಾವ ಜಾಗದ ನೆನಪಿನ ಡಬ್ಬಿಯೋ ಆ ಜಾಗದ ಒಂದು ಹಿಡಿ ಮಣ್ಣು ಕಿಲ್ಲೆಯ ಮಣ್ಣಿನೊಳಗೆ ಬೀಳಬೇಕು. ಉಳಿದ ಡಬ್ಬಿಗಳು ಹಾಗೇ ಆದವು, ಚೆಂದ ಆದವು. ಕೊನೆಯದು ಕೆಂಪು ದಿಬ್ಬ ಕಡಿದು ಹಳಿ ದಾಟಿಸಿದ ಜಾಗದ್ದು. ಕೂಲಿಯವರು ಕಡಿದ ದಿಬ್ಬವೆಂದು ಮೂರನೇ ದರ್ಜೆಯ ಡಬ್ಬಿ ಮಾಡು ಎಂದೆ. ಮಣ್ಣು ನಾನೇ ತಂದುಕೊಟ್ಟೆ.

ಕುತುಬೋದ್ದೀನ ತನ್ನವರ ಪದ್ಧತಿಯಂತೆ ಒಂದು ಚಿಟಿಕೆ ನಾಲಿಗೆಗೆ ಇಟ್ಟುಕೊಂಡ. ತಕ್ಷಣ ಉಗುಳಿದ.

“ಸಾವಕಾರ್ರಿ, ಇದು ಎಲ್ಲಿ ಮಣ್ಣು?”

“ಯಾಕ, ರುಚಿ ಇಲ್ಲೇನು? ಬೆಲ್ಲ ಹಚ್ಚಿ ಕೊಡ್ಲಿ?”

“ಚೇಷ್ಟಿ ಬ್ಯಾಡ್ರಿ. ಕಿಲ್ಲಾದ ಮಣ್ಣು ನಾಲಿಗಿ ಹಿಡೀತದ. ಇದು ನಾಲಿಗಿ ದಬ್ತದ. ಇದು ಕೆಲ್ಸಕ್ಕ ಬರೂ ಮಣ್ಣಲ್ಲ.”

ಹೆಚ್ಚಿನ ಕೂಲಿಗೆ ಪೀಠಿಕೆ ಎಂದುಕೊಂಡೆ. ಕುದಿಸು ಎಂದೆ. ಡಬ್ಬಿ ಹೊರಬಂದಾಗ ಎಲ್ಲ ಕಪ್ಪು, ನಡುವಿನ ಕಿಟಕಿಯ ಹಿಂದೆ ಮಾತ್ರ ಒಂದು ಬೂದು ಮಚ್ಚೆ. ಮಚ್ಚೆಗೆ ತಲೆ ಇತ್ತು, ಭುಜ ಇತ್ತು. ಒಬ್ಬ ಮನುಷ್ಯ ಕೂತ ಹಾಗೆ. ಕುತುಬೋದ್ದೀನ ಎಣ್ಣೆ ತಿಕ್ಕಿದ. ಹೋಗಲಿಲ್ಲ. ಬರೀ ಕಿಲ್ಲೆಯ ಮಣ್ಣು ಹಾಕಿ ಎರಡನೇ ಸಲ ಕುದಿಸಿದ. ನಡುವಿನ ಕಿಟಕಿ ಕಪ್ಪಾಯಿತು. ಮಚ್ಚೆ ಬಾಗಿಲ ಪಕ್ಕದ ಕಿಟಕಿಗೆ ಬಂದಿತ್ತು.

“ನಾ ಇವನ್ನ ಕೂಡ್ಸಿಲ್ರಿ,” ಎಂದ ಕುತುಬೋದ್ದೀನ. “ಇನ್ನ ಕುದ್ಸಾಂಗಿಲ್ಲ. ಒಯ್ಯಿರಿ.” ಕೂಲಿಯನ್ನು ಎಣಿಸದೇ ತಗೊಂಡ. ಆ ಮನುಷ್ಯ ನನ್ನ ರೂಪಾಯಿ ಎಣಿಸದೇ ಬಿಟ್ಟದ್ದು ಅದೇ ಮೊದಲು.

ಮನೆಗೆ ತಂದು ಗಾಜಿನ ಕಪಾಟಿನಲ್ಲಿ ಸಾಲಿನ ಕೊನೆಗೆ ಇಟ್ಟೆ. ಯಾರಿಗೂ ಏನೂ ಹೇಳಲಿಲ್ಲ. ಮರುದಿನ ಮುಂಜಾನೆ ಕಸ್ತೂರಿಬಾಯಿ ಧೂಳು ಒರೆಸುತ್ತ ಕೂಗಿದಳು.

“ಏನ್ರಿ, ಇಲ್ಲಿ ಬರ್ರಿ. ಈ ಡಬ್ಬ್ಯಾಗ ಕೂತವ್ರು ಯಾರ್ರಿ?”

“ಯಾರೂ ಇಲ್ಲ. ಅದು ಕಲೆ.”

“ಕಲಿ ತಲಿ ವಾಲಿಸ್ಕೊಂಡು ಕೂಡ್ತದೇನ್ರಿ? ನೋಡ್ರಿ, ಬಲಗಿವಿ ಮುಂದ ಮಾಡ್ಯಾನ. ಕೇಳ್ಲಕತ್ತಾನ.” ಬಟ್ಟೆ ಅವಳ ಕೈಯಿಂದ ಜಾರಿತು. “ನಮ್ಮ ವೈಜಿನಾಥ ಹಿಂಗೇ ಕೂಡ್ತಿದ್ದನಲ್ರಿ.”

ನಿನ್ನ ಗಂಡನ ಎಡಗಿವಿ ಕೇಳುತ್ತಿರಲಿಲ್ಲವೆಂದು ನಮ್ಮ ಮನೆಯವರನ್ನು ಬಿಟ್ಟರೆ ಯಾರಿಗೆ ಗೊತ್ತು? ಸುಗ್ಗಿ ಮುಗಿಸಿ ಹಳಿಯ ಮಣ್ಣು ಕೆಲಸಕ್ಕೆ ಹೋದವನು, ಯಾವ ಜಾಗದಲ್ಲಿ ಇದ್ದನೆಂಬುದೇ ನಮಗೆ ತಿಳಿದಿರಲಿಲ್ಲ. “ಹೆಣ್ಣ ಕಟ್ಕೊಂಡು ಮುಂಬೈಗಿ ಹೋಗ್ಯಾನ” ಎಂದು ನಿನ್ನ ಭಾವ ಮಡೆಪ್ಪ ಊರೆಲ್ಲ ಹೇಳಿಕೊಂಡು ತಿರುಗಿದ. ನಾನು ಅರ್ಧ ನಂಬಿದ್ದೆ.

ಅವತ್ತೇ ಕೆಂಪು ದಿಬ್ಬಕ್ಕೆ ಹೋದೆ. ಹಳಿ ಕಾಯುವ ಉಸ್ಮಾನ ಮಿಯಾನನ್ನು ಕೇಳಿದೆ. ಅವನು ಬೀಡಿ ಹಚ್ಚಿದ, ಆರಿಸಿದ, ಮತ್ತೆ ಹಚ್ಚಿದ. “ದಿಬ್ಬ ಒಂದ್ಸಲ ಕುಸಿದಿತ್ರಿ. ಗುತ್ತೇದಾರ ಎಲ್ಲಾರೂ ಹೊರಗ ಬಂದಾರ ಅಂದ, ಹಳಿ ಸರಿಸಿ ಮುಂದ ಹಾಕ್ಸಿದ. ಹಾಜರಿಗಿ ಬರಲಾರ್ದವ್ರನ್ನ ಫರಾರ್ ಅಂತ ಬರ್ಸಿದ. ನಾ ಬಡವ, ಏನ್ ಹೇಳ್ಲಿ?” ನಾನು ಮಣ್ಣು ತೆಗೆದ ಜಾಗ ತೋರಿಸಿದೆ. ಗುದ್ದಲಿ ತಂದು ಅವನೇ ಅಗೆದ. ಆಳವೇನೂ ಇರಲಿಲ್ಲ.

ತಂಗಿ, ಸಿಕ್ಕಿತು. ನಿನ್ನ ಮದುವೆಯಲ್ಲಿ ಅವನಿಗೆ ನಾನೇ ಮಾಡಿಸಿಕೊಟ್ಟ, ಲಿಂಗ ಇಡುವ ಬೆಳ್ಳಿಯ ಕರಡಿಗೆ ಸಿಕ್ಕಿತು. ಜೀವ ಇರುವತನಕ ನಮ್ಮವರು ಕೊರಳಿನ ಲಿಂಗ ಬಿಟ್ಟಿರುವುದಿಲ್ಲ, ನಿನಗೆ ಬಿಡಿಸಿ ಹೇಳಬೇಕಾಗಿಲ್ಲ. ವೈಜಿನಾಥ ಎಲ್ಲಿಗೂ ಓಡಿಹೋಗಿರಲಿಲ್ಲ. ದಿಬ್ಬ ಒಮ್ಮೆಲೇ ಬಿದ್ದಿದೆ. ಏನೂ ತಿಳಿಯುವ ಮೊದಲೇ ಹೋಗಿರಬೇಕು. ಓಡಿಹೋಗಿರಲಿಲ್ಲ ಎಂಬ ಸಾಲನ್ನು ಮಡೆಪ್ಪನ ಮುಂದೆ ದೊಡ್ಡ ದನಿಯಲ್ಲಿ ಓದು. ಓಣಿಗೆ ಕೇಳಲಿ.

ಮಠದ ಸ್ವಾಮಿಗಳು ಹೇಳಿದಂತೆ ಅಲ್ಲೇ ಮಣ್ಣು ಮುಚ್ಚಿಸಿ, ಉಸ್ಮಾನ ಮಿಯಾನನ್ನು ಕಾವಲಿಗೆ ಇಟ್ಟು ಬಂದಿದ್ದೇನೆ. ಸಮಾಧಿಯ ಕ್ರಿಯೆ ನೀನು ಬಂದ ಮೇಲೆ, ನಿನ್ನ ಕಣ್ಣೆದುರಿಗೆ. ಸೋಮವಾರ ಗಾಡಿ ಕಳಿಸುತ್ತೇನೆ. ಔರಾದದ ಹೊಲದ ಬದುವಿಗೆ ತರಬೇಕೋ ಅಲ್ಲಿಯೇ ಮಾಡಬೇಕೋ, ಅದು ನಿನ್ನ ಮಾತು. ಯಾರೂ ನಡುವೆ ಬಾಯಿ ಹಾಕುವುದಿಲ್ಲ, ನಾನಿದ್ದೇನೆ.

ನಾನು ಮನೆಗೆ ಬಂದಾಗ ಕಸ್ತೂರಿಬಾಯಿ ಕಪಾಟಿನ ಮುಂದೆ ನಿಂತಿದ್ದಳು. ಬೀಗದ ಕೈ ನನ್ನ ಸೊಂಟದಲ್ಲಿತ್ತು. ಡಬ್ಬಿಯ ಕಿಟಕಿಗಳೆಲ್ಲ ಒಂದೇ ಸಮ ಕಪ್ಪಾಗಿದ್ದವು, ಮಚ್ಚೆಯ ಗುರುತೂ ಇಲ್ಲ. “ಮಧ್ಯಾಹ್ನ ನೋಡಿದಾಗ ಬಾಗಿಲ್ದಾಗ ಇದ್ದ,” ಎಂದಳು. “ಈಗ ಇಳ್ಕೊಂಡಾನ್ರಿ.”

ಬಸವಣ್ಣ ನಿನ್ನ ಕೈ ಹಿಡಿದು ನಡೆಸಲಿ. ನಿನ್ನ ಅತ್ತಿಗೆ ನಿನಗಾಗಿ ಒಳಕೋಣೆ ಸಾರಿಸಿ ಇಟ್ಟಿದ್ದಾಳೆ. ಬರುವಾಗ ಬಟ್ಟೆ ಹೆಚ್ಚಿಗೆ ತಾ, ತಿರುಗಿ ಹೋಗುವ ಅವಸರ ಬೇಡ.

ನಿನ್ನ ಅಣ್ಣ
ಹಾವಗೆಪ್ಪ

ತಾ.ಕ.: ಇದು ನಿನಗೊಬ್ಬಳಿಗೆ. ಈ ಹಾಳೆ ಯಾರಿಗೂ ಓದಿ ಹೇಳಬೇಡ. ಒಮ್ಮೆಲೇ ಹೋಗಿರಬೇಕು ಎಂದು ಮೇಲೆ ಬರೆದೆ. ಸುಳ್ಳು. ಕರಡಿಗೆಯ ಮುಚ್ಚಳ ತೆರೆದಿತ್ತು. ಲಿಂಗ ಅವನ ಎಡ ಅಂಗೈಯ ಎಲುಬುಗಳ ನಡುವೆ ಇತ್ತು. ಕಾಲು ಮಡಚಿ, ಬೆನ್ನು ನೆಟ್ಟಗೆ ಮಾಡಿ, ನಮ್ಮವರನ್ನು ಸಮಾಧಿಯಲ್ಲಿ ಕೂಡಿಸುವ ಹಾಗೆ ತಾನೇ ಕೂತಿದ್ದ. ಮೇಲೆ ಬಾಗಿ ನಿಂತ ಹಲಗೆಯೊಂದು ಅಷ್ಟು ಜಾಗ ಉಳಿಸಿತ್ತು. ಯಾರೂ ಬರುವುದಿಲ್ಲವೆಂದು ತಿಳಿಯುವಷ್ಟು ಹೊತ್ತು ಅವನಿಗೆ ಜೀವ ಇತ್ತು. ನಾನು ಇದನ್ನು ಮುಚ್ಚಿಟ್ಟಿದ್ದರೆ ನೀನು ಸೋಮವಾರ ನಿನ್ನ ಕಣ್ಣಿನಿಂದಲೇ ಕಾಣುತ್ತಿದ್ದೆ. ಮೊದಲು ನನ್ನಿಂದ ಕೇಳಲಿ ಎಂದು ಬರೆದೆ.

ಯಾರಿಗೆ ಏನು ಬಂತು ಎಂದರೆ: ಗುತ್ತೇದಾರನಿಗೆ, ಹೇಳಿದ ದಿನಕ್ಕೆ ಹಳಿ ಮುಗಿಸಿದ ಹೆಸರು. ಕುತುಬೋದ್ದೀನನಿಗೆ ಕೂಲಿ. ಮಡೆಪ್ಪನಿಗೆ ತಮ್ಮನ ಪಾಲಿನ ಎರಡು ವರ್ಷದ ಬೆಳೆ. ನನಗೆ ಪೂರ್ತಿಯಾದ ಒಂದು ಸಾಲು. ವೈಜಿನಾಥನಿಗೆ, ತಡವಾಗಿ, ನಾಲ್ಕು ಜನ ಹಾಕುವ ಮಣ್ಣು. ನಿನಗೆ ಈ ಕಾಗದ.