ಮಾನಿಟರಿನ ನಮಸ್ಕಾರ

ಮಾರ್ಚ್ ೪, ಬೆಳಿಗ್ಗೆ

ಪತ್ರಿಕೆ ಓದಿ, ಎಂದಿನಂತೆ ತಪ್ಪುಗಳಿಗೆ ಕೆಂಪು ಶಾಯಿಯಲ್ಲಿ ಗೆರೆ ಎಳೆದದ್ದಾಯಿತು. ಸಂಪಾದಕರಿಗೆ ನಾಚಿಕೆಯಿಲ್ಲ. ನಮ್ಮ ನಾಯಿ ಮಾನಿಟರ್ ಅಣ್ಣನ ಕುರ್ಚಿಯ ಮುಂದೆ ಮುಂಗಾಲು ಚಾಚಿ, ಎದೆಯನ್ನು ನೆಲಕ್ಕೆ ತಾಗಿಸಿ, ಹಿಂಭಾಗವನ್ನೆತ್ತಿ ನಿಂತಿತ್ತು. ಹಿರಿಯರಿಗೆ ಹೀಗೆ ಬಾಗಬೇಕೆಂದು ಕಲಿಸಿದವಳು ನಾನೇ. ಅಣ್ಣ ತೀರಿಕೊಂಡ ಮೇಲೂ ಶಿಸ್ತು ಮರೆತಿಲ್ಲ. ಸಂತೋಷವಾಯಿತು.

ಮಾರ್ಚ್ ೬

ಮತ್ತೆ ಅದೇ ಭಂಗಿ. ಬಹಳ ಹೊತ್ತು. ತಂಗಿ ಬಾಗಿಲಲ್ಲೇ ನಿಂತುಬಿಟ್ಟಳು.

“ಅಕ್ಕಾ, ಅಣ್ಣ ಬಂದು ಕೂತಿದಾನೆ. ನಾಯಿಗೆ ಕಾಣ್ತಿದಾನೆ.”

“ಕೂದಲು ನರೆತವಳು ಆಡುವ ಮಾತೇ ಇದು?”

“ನಾನೇನು ನಿನ್ನ ಕ್ಲಾಸಲ್ಲಿಲ್ಲ. ಬೆಂಚಿನ ಮೇಲೆ ನಿಲ್ಲಿಸಬೇಡ.”

ಸಂಜೆ ಕುರ್ಚಿಯ ಮೇಲೊಂದು ತಟ್ಟೆ. ದಪ್ಪಗೆ ಬೆಣ್ಣೆ ಸವರಿದ ಬ್ರೆಡ್ಡು—ಅಣ್ಣನಿಗೆ ಪ್ರಿಯವಾದದ್ದು. ತಿನ್ನುವಾಗ ನಾಯಿಯ ಬಾಯಿಗೂ ಚೂರು ಚೂರೇ ಇಡುತ್ತಿದ್ದ. ನಾನು ಮರಳುವಷ್ಟರಲ್ಲಿ ತಟ್ಟೆ ಖಾಲಿ. ತಂಗಿಯ ಮುಖದಲ್ಲಿ ಎಂಥ ಸಮಾಧಾನ... ನಾಯಿಯ ಮೀಸೆಗೆ ಬೆಣ್ಣೆ ಅಂಟಿದ್ದುದನ್ನು ಹೇಳಲಿಲ್ಲ. ದಿನವೂ ಇಡುವಳಂತೆ. ಇಡಲಿ.

ಮಾರ್ಚ್ ೧೩

ಬರೆಯಲು ಮನಸ್ಸಾಗಿರಲಿಲ್ಲ. ನಾಯಿಗೆ ವಾಂತಿ. ನೀರು ಕೂಡ ನಿಲ್ಲದು. ಇಂದು ಕಿಟಕಿಯ ಬೆಳಕಿನಲ್ಲಿ ತುಟಿ ಸರಿಸಿ ನೋಡಿದೆ—ವಸಡು ಹಳದಿ. ಕಣ್ಣಿನ ಬಿಳಿಯೂ ಹಳದಿ. ಕ್ಲಿನಿಕ್ಕಿಗೆ ಒಯ್ದೆವು. ಹೊಟ್ಟೆಯ ಕೂದಲು ಬೋಳಿಸಿ ಸ್ಕ್ಯಾನ್ ಮಾಡಿದರು.

“ಗಾಲ್‌ಬ್ಲಾಡರ್ ಊದ್ಕೊಂಡಿದೆ ಮೇಡಂ,” ಎಂದರು ಡಾಕ್ಟರಮ್ಮ.

“ಪಿತ್ತಕೋಶ ಎನ್ನಿ.”

“ಏನಂದ್ರೂ ಅಷ್ಟೇ, ಒಡೆದ್ರೆ ಉಳಿಯಲ್ಲ. ಒಳಗಿನ ಪಿತ್ತ ಅಂಟಿನ ಥರ ಗಟ್ಟಿಯಾಗಿದೆ. ತೆಗೆದುಬಿಡಬೇಕು. ಮುಂದೆ ಬಾಗಿ, ಹಿಂದೆ ಎತ್ಕೊಂಡು ನಿಲ್ತಿತ್ತಾ?”

“ನಮಸ್ಕಾರ ಅದು. ನಾನು ಕಲಿಸಿದ್ದು.”

“ಹೊಟ್ಟೆನೋವು ಮೇಡಂ ಅದು. ತಡೆಯೋಕಾಗದೆ ಹಾಗೆ ನಿಲ್ತಾವೆ.”

ನಾಯಿಯನ್ನು ಅಲ್ಲೇ ಬಿಟ್ಟು ಬಂದೆವು.

ಮಾರ್ಚ್ ೧೫

ಶಸ್ತ್ರಚಿಕಿತ್ಸೆ ಮುಗಿಯಿತು. ಬದುಕಿದೆ. ಇನ್ನು ಜಿಡ್ಡು ಸೋಕಿಸಕೂಡದು—ಮತ್ತೊಮ್ಮೆ ಕಾಯಿಲೆ ಬಿದ್ದರೆ ಉಳಿಸಲಾರೆ ಎಂದರು ಡಾಕ್ಟರಮ್ಮ. ತಂಗಿ ಬೆಣ್ಣೆಯ ಡಬ್ಬಿಯನ್ನೇ ಪಕ್ಕದ ಮನೆಗೆ ಕೊಟ್ಟುಬಂದಳು. ತಟ್ಟೆಯನ್ನು ತಾನೇ ಬೀರುವಿನಲ್ಲಿಟ್ಟು ಬೀಗ ಹಾಕಿದಳು.

“ಅಣ್ಣನಿಗೆ ಅಂತ ಇಟ್ಟು ಇದನ್ನ ಕೊಲ್ತಿದ್ದೆನಲ್ಲ ಅಕ್ಕಾ.”

ಮಾರ್ಚ್ ೨೦, ಮಧ್ಯಾಹ್ನ

ಮಾನಿಟರ್ ಮನೆಗೆ ಬಂದಿದೆ. ವಸಡು ಗುಲಾಬಿ. ತಂಗಿ ಔಷಧಿ ತರಲು ಹೋದಳು.

ನಾಯಿ ನೇರ ಕುರ್ಚಿಯ ಬಳಿಗೆ ನಡೆಯಿತು. ಬಾಗಲಿಲ್ಲ. ನೋವಿಲ್ಲವಲ್ಲ. ನೆಟ್ಟಗೆ ಕುಳಿತು ಮೇಲೆ ನೋಡಿತು—ಕುರ್ಚಿಯಲ್ಲಿ ಕುಳಿತವರ ಮುಖವಿರುವ ಎತ್ತರಕ್ಕೆ. ಬಾಲ ನೆಲವನ್ನು ಗುಡಿಸುತ್ತಿತ್ತು. ಕತ್ತು ಚಾಚಿ, ಬರಿಯ ಗಾಳಿಯಿಂದ ಏನನ್ನೋ ಮೆಲ್ಲಗೆ ಕಚ್ಚಿಕೊಂಡಿತು. ಅಗಿಯಿತು.

ಓಡಿಹೋಗಿ ಬಾಯಿ ಬಿಡಿಸಿದೆ. ಏನೂ ಇಲ್ಲ. ಆದರೆ ಬೆರಳು ಜಿಡ್ಡಾಯಿತು. ಮೂಸಿದೆ. ಬೆಣ್ಣೆ.

ಮತ್ತೆ ಕತ್ತು ಚಾಚಿತು.

ಕುರ್ಚಿಯತ್ತ ನೋಡಲಾಗಲಿಲ್ಲ. ನೆಲ ನೋಡುತ್ತಲೇ ಹೇಳಿದೆ: “ಬೇಡ ಅಣ್ಣಾ, ಅದು ಸತ್ತುಹೋಗುತ್ತೆ. ಕೊಡಲೇಬೇಕು ಅಂದ್ರೆ ನನಗೆ ಕೊಡು.”

ಬಾಲ ನಿಂತಿತು. ನಾಯಿ ಎದ್ದು ಮೂಲೆಗೆ ಹೋಗಿ ಮಲಗಿತು. ಈಗ ನಿದ್ರಿಸುತ್ತಿದೆ. ಉಸಿರು ಸಮವಾಗಿದೆ. ಅದಿನ್ನು ಉಳಿಯುತ್ತದೆ.

ಎರಡು ಸಲ ಬಾಯಿ ಮುಕ್ಕಳಿಸಿದೆ. ಹೋಗುತ್ತಿಲ್ಲ. ನಾಲಿಗೆಯ ಮೇಲೆ ತಣ್ಣಗೆ, ಉಪ್ಪುಪ್ಪಾಗಿ, ಇನ್ನೂ ಕರಗದ ಬೆಣ್ಣೆ.