ಹೆಂಗಸರ ಕಡೆಯ ವಿಡಿಯೋಗೆ ಒಂದು ಪ್ರೊಸೆಸರು

ನೆವಾರ್ಕ್, ಕ್ಯಾಲಿಫೋರ್ನಿಯಾ
ಅಕ್ಟೋಬರ್ 11, 2025, ಶನಿವಾರ

ಪ್ರೀತಿಯ ಅಮ್ರೀನ್,

ಅಸ್ಸಲಾಮು ಅಲೈಕುಮ್ ಮಗಳೇ. ನಿನ್ನ ಕುತ್ತಿಗೆ ನೋವು ಹೇಗಿದೆ? ಎಡಿಟಿಂಗಿಗೆ ಕೂತಾಗ ಬೆನ್ನಿಗೆ ದಿಂಬು ಕೊಟ್ಟುಕೋ ಎಂದು ಹೇಳಿ ಹೇಳಿ ನನ್ನ ಬಾಯಿ ಸೋತಿದೆ. ನಿನ್ನ ಅಬ್ಬಾ ಊಟಕ್ಕೆ ಮುಂಚಿನ ಮಾತ್ರೆ ನುಂಗುತ್ತಿದ್ದಾರೋ, ಗದರುವವಳು ಊರಲ್ಲಿಲ್ಲವೆಂದು ಬಿಟ್ಟಿದ್ದಾರೋ? ನನ್ನ ದೇಹಕ್ಕೆ ಏನೂ ಆಗಿಲ್ಲ, ಮನಸ್ಸು ಕೆಟ್ಟಿದೆ. ಇಲ್ಲಿ ನನ್ನದೆಂದು ಫೋನಿಲ್ಲ, ಕಲೀಮನದರಿಂದ ಮಾಡಿದರೆ ಅವನು ಹಾಲ್‌ನಲ್ಲಿ ಸ್ಪೀಕರ್ ಹಾಕಿ ಕೂರುತ್ತಾನೆ. ನಿನ್ನ ಅಣ್ಣನ ಮೇಲಿನ ದೂರನ್ನು ಅವನೆದುರಿಗೇ ನಿನಗೆ ಹೇಳುವುದು ಹೇಗೆ? ಪಕ್ಕದ ಮನೆಯ ಸರೋಜಿನಿಯವರು ಇವತ್ತು ಊರಿಗೆ ಹೊರಟಿದ್ದಾರೆ, ಮೈಸೂರಿನಲ್ಲಿ ಅವರ ತಂಗಿ ಇದ್ದಾರೆ. ಅವರ ಕೈಯಲ್ಲಿ ಇದನ್ನು ಕಳಿಸುತ್ತೇನೆ.

ಹೋದ ತಿಂಗಳು ಫ್ರೀಮಾಂಟಿನಲ್ಲಿ ಆತಿಫ್‌ನ ತಂಗಿಯ ಮದುವೆ ಆಯಿತು. ಆತಿಫ್ ಕಲೀಮನ ಆಫೀಸಿನವನು, ಬೆಂಗಳೂರು ಶಿವಾಜಿನಗರದ ಮನೆತನ. ಹೆಂಗಸರ ಕಡೆಗೆ ಕ್ಯಾಮೆರಾ ಹಿಡಿಯಲು ನಂಬಿಕೆಯ ಹೆಂಗಸು ಬೇಕೆಂದು ಅವನ ತಾಯಿ ನನ್ನನ್ನು ಕೇಳಿದರು. ನಮ್ಮ ಪದ್ಧತಿ ನಿನಗೆ ಗೊತ್ತೇ ಇದೆ. ಆದರೂ ಬರೆಯುತ್ತೇನೆ, ಏಕೆಂದರೆ ಈ ಮನೆಯಲ್ಲಿ ಅದನ್ನು ವಿವರಿಸಿ ನಾನು ಒಮ್ಮೆಯೂ ಗೆದ್ದಿಲ್ಲ. ಮದುವೆಗೆ ವಿಡಿಯೋ ಬಂದ ಹೊಸತರಲ್ಲಿ ನಮ್ಮ ಮೊಹಲ್ಲಾದ ಹಿರಿಯರು ಹೆಂಗಸರ ಕಡೆ ಕ್ಯಾಮೆರಾ ಬರಲೇಕೂಡದು ಎಂದಿದ್ದರು. ಅವರನ್ನು ಒಪ್ಪಿಸಿದ್ದು ಹೆಂಗಸರೇ. ಹೆಂಗಸೇ ತೆಗೆಯಬೇಕು, ಹೆಂಗಸೇ ಮಿಕ್ಸಿಂಗ್ ಮಾಡಬೇಕು, ಕ್ಯಾಸೆಟ್ಟು ಮದುಮಗಳ ತಾಯಿಯ ಕೈಗೇ ಹೋಗಬೇಕು, ಸ್ಟುಡಿಯೋದಲ್ಲಿ ಕಾಪಿ ಉಳಿಯಬಾರದು. ಈ ಮಾತಿನ ಮೇಲೆಯೇ ನಾವು ಇಷ್ಟು ವರ್ಷ ಅನ್ನ ತಿಂದಿದ್ದೇವೆ. ಆತಿಫ್‌ನ ತಾಯಿಯೂ ಮದುವೆಯ ದಿನ ಬಾಗಿಲಲ್ಲೇ ನನ್ನ ಕೈ ಹಿಡಿದು, “ರಹಮತ್ ಆಪಾ, ನಿಮ್ಮ ಕಣ್ಣು, ಆಮೇಲೆ ನನ್ನ ಕಣ್ಣು, ಅಷ್ಟೇ” ಎಂದರು. ಅಷ್ಟೇ ಎಂದೆ. ಆಮೇಲೆ ದುಪಟ್ಟಾ ತೆಗೆದು ಸೊಂಟಕ್ಕೆ ಬಿಗಿದು ಎಂಥಾ ಕುಣಿದರು ಅಂತೀಯ, ನನಗೆ ಹೊಟ್ಟೆಕಿಚ್ಚಾಯಿತು.

ತೊಂದರೆ ಶುರುವಾದದ್ದು ಎಡಿಟಿಂಗಿಗೆ ಕೂತಾಗ. ಈ ಹೊಸ ಕ್ಯಾಮೆರಾದ ವಿಡಿಯೋವನ್ನು ಕಲೀಮನ ಹಳೆಯ ಲ್ಯಾಪ್‌ಟಾಪಿನಲ್ಲಿ ಓಡಿಸಿದರೆ ಮದುಮಗಳು ಒಂದು ಹೆಜ್ಜೆ ಇಟ್ಟು ನಿಂತುಬಿಡುತ್ತಾಳೆ, ಹಾಡು ಮಾತ್ರ ಮುಂದೆ ಹೋಗುತ್ತದೆ. ಹೊಸದು ಕೊಳ್ಳಬೇಕಾಯಿತು. ಲೈಬ್ರರಿಯಲ್ಲಿ ಕೂತು ನಾನೇ ಓದಿದೆ. ಪ್ರೊಸೆಸರಿನ ಹೆಸರಿನಲ್ಲಿರುವ ದೊಡ್ಡ ಅಂಕೆಗೆ ಮರುಳಾಗಬಾರದು, ಮಗಳೇ. ಅದೇ ಅಂಕೆಯದು ತೆಳ್ಳನೆಯ ಪೆಟ್ಟಿಗೆಯೊಳಗಿದ್ದರೆ ಸ್ವಲ್ಪ ಹೊತ್ತು ಜೋರಾಗಿ ಓಡಿ, ಬಿಸಿಯೇರಿ, ತಾನಾಗಿ ನಿಧಾನವಾಗುತ್ತದೆ; ಅಂಗಡಿಯವರ ಡೆಮೊ ಅಷ್ಟರೊಳಗೆ ಮುಗಿದಿರುತ್ತದೆ. ಫೋಟೊ ತಿದ್ದುವುದಕ್ಕೆ ಅದು ಸಾಕು, ಇಡೀ ಮದುವೆಯ ವಿಡಿಯೋಗೆ ಸಾಲದು. ನಮ್ಮ ಕ್ಯಾಮೆರಾ ವಿಡಿಯೋವನ್ನು ಯಾವ ರೀತಿಯಲ್ಲಿ ಒತ್ತಿ ಕಿರಿದು ಮಾಡುತ್ತದೋ ಅದನ್ನು ಬಿಚ್ಚುವ ಶಕ್ತಿ ಪ್ರೊಸೆಸರಿನೊಳಗೇ ಇರಬೇಕು, ಫ್ಯಾನು ಗಟ್ಟಿಯಿರಬೇಕು. ಮೆಮೊರಿಯನ್ನು ಮೊದಲೇ ಸಾಕಷ್ಟು ತೆಗೆದುಕೊಳ್ಳಬೇಕು, ಈಗ ಬಹಳಷ್ಟರಲ್ಲಿ ಅದನ್ನು ಬೆಸುಗೆ ಹಾಕಿಯೇ ಕೊಡುತ್ತಾರೆ. ನಮ್ಮ ಮೊದಲ ಕಂಪ್ಯೂಟರಿನ ಮುಚ್ಚಳವನ್ನು ನಿನ್ನ ಅಬ್ಬಾ ಅಡುಗೆಮನೆಯ ಚಾಕುವಿನಿಂದ ತೆಗೆದು ಮೆಮೊರಿ ಸಿಕ್ಕಿಸಿದ್ದರು. ಈಗ ದುಡ್ಡು ಕೊಟ್ಟವನು ಒಳಗೇನಿದೆ ಎಂದು ನೋಡುವ ಹಾಗೂ ಇಲ್ಲ, ಯಾಕೆ ಎಂದು ಕೇಳುವವರೂ ಇಲ್ಲ. ಊರಲ್ಲಾಗಿದ್ದರೆ ಪೇಪರಿನ ಓದುಗರ ಅಂಕಣಕ್ಕೆ ಬರೆದು ಹಾಕುತ್ತಿದ್ದೆ.

ಅಂಗಡಿಯಲ್ಲಿ ನನಗೆ ದಪ್ಪನೆಯದೊಂದು ಹಿಡಿಸಿತು. ಕಲೀಮ್ ನಕ್ಕ. “ಅಮ್ಮೀ, ಈ ಇಟ್ಟಿಗೇನ ಯಾರು ಹೊರ್ತಾರೆ? ಈಗ ಲ್ಯಾಪ್‌ಟಾಪಲ್ಲಿ ಏನೂ ನಡಿಯಲ್ಲ, ಎಲ್ಲಾ ಕ್ಲೌಡಲ್ಲೇ.” ಕ್ಲೌಡು ಅಂದರೆ ಯಾರ ಮನೆ ಎಂದು ಕೇಳಿದೆ. “ಯಾರ ಮನೇನೂ ಅಲ್ಲ ಅಮ್ಮೀ” ಎಂದ. ಯಾರ ಮನೆಯೂ ಅಲ್ಲದ ಜಾಗದಲ್ಲಿ ಬೇರೆಯವರ ಹೆಣ್ಣುಮಕ್ಕಳನ್ನು ಬಿಟ್ಟು ಬರಲು ನನಗೇನು ಅಧಿಕಾರ? ಆದರೂ ಮನೆಗೆ ಬಂದದ್ದು ತೆಳ್ಳನೆಯದೇ. ನಾನು ಮಧ್ಯಾಹ್ನ ಮಲಗಿದ್ದಾಗ ಕಲೀಮ್ ಕ್ಯಾಮೆರಾದ ಕಾರ್ಡಿನಲ್ಲಿದ್ದ ಫೋಟೊ ವಿಡಿಯೋಗಳನ್ನೆಲ್ಲ ಅದಕ್ಕೆ ಇಳಿಸಿ, ತನ್ನದೇ ಅಕೌಂಟಿನಿಂದ ತೆರೆದು, “ಎಲ್ಲಾ ಸೆಟ್ ಮಾಡಿದೀನಿ, ನೀವು ಕೂತು ಕಟ್ ಮಾಡಿ” ಎಂದು ಮುಂದಿಟ್ಟ. ಪ್ರೀತಿಯಿಂದಲೇ ಮಾಡಿದ, ಅದನ್ನು ಇಲ್ಲವೆನ್ನಲಾರೆ.

ಹೋದ ಭಾನುವಾರ ಆತಿಫ್, ಶಿವಪ್ರಸಾದ, ಆಫೀಸಿನ ಇನ್ನಿಬ್ಬರು ಚಹಾಕ್ಕೆ ಬಂದಿದ್ದರು. ಹಾಲ್‌ನ ಟಿವಿಯನ್ನು ಯಾರೂ ನೋಡದೆ ಬಿಟ್ಟರೆ ಅದು ಕಲೀಮನ ಅಕೌಂಟಿನ ಫೋಟೊಗಳನ್ನು ತಾನಾಗಿ ಒಂದೊಂದೇ ತೋರಿಸುತ್ತದೆ. ಮೊಮ್ಮಗಳು ಇನಾಯಾ ಸೈಕಲ್ ಕಲಿತದ್ದು, ಅವಳ ಸ್ಕೂಲು, ಸಮುದ್ರ, ಹೀಗೆ. ನಾನು ಸಮೋಸ ತಂದಾಗ ಟಿವಿಯ ತುಂಬ ಆತಿಫ್‌ನ ತಾಯಿ, ಕೂದಲು ಬಿಚ್ಚಿ ಕುಣಿಯುತ್ತಿದ್ದರು. ಶಿವಪ್ರಸಾದ, ಪಾಪ ಅವನಿಗೇನು ಗೊತ್ತು, “ಯಾರಿದು ಆಂಟಿ, ಸಖತ್ ಎನರ್ಜಿ” ಎಂದ. ಆತಿಫ್ ತಲೆ ತಗ್ಗಿಸಿ ಚಹಾದ ಕಪ್ಪಿನೊಳಗೆ ನೋಡುತ್ತ ಕೂತ. ರಿಮೋಟು ಸಿಗಲಿಲ್ಲ. ತಟ್ಟೆ ಹಿಡಿದುಕೊಂಡೇ ಹೋಗಿ ಟಿವಿಯ ಮುಂದೆ ನಿಂತೆ. ಅಷ್ಟು ಅಗಲ ನಾನಿಲ್ಲ ಮಗಳೇ. ಮದುಮಗಳು, ಅವಳ ಚಿಕ್ಕಮ್ಮಂದಿರು, ಗೆಳತಿಯರು ನನ್ನ ಎರಡೂ ಪಕ್ಕದಲ್ಲಿ ಬಂದು ಹೋಗುತ್ತಿದ್ದರು. “ದಾದೀ, ಯು ಆರ್ ಬ್ಲಾಕಿಂಗ್ ಇಟ್” ಎಂದಳು ಇನಾಯಾ. ಆತಿಫ್ ಚಹಾ ಮುಗಿಸದೆ ಎದ್ದ. ನನ್ನ ಮುಖ ನೋಡದೆ “ಬರ್ತೀನಿ ಆಂಟಿ” ಎಂದ.

ಕಲೀಮನಿಗೆ ಆಗ ಅರ್ಥವಾಯಿತು, ಆ ಲ್ಯಾಪ್‌ಟಾಪಿಗೆ ಇಳಿಸಿದ್ದೆಲ್ಲ ತಾನಾಗಿ ಅವನ ಅಕೌಂಟಿಗೂ ಹೋಗಿ ಸೇರಿತ್ತು. ಆದರೆ ಸಂಜೆಯೊಳಗೆ ಸಮಾಧಾನ ಮಾಡಿಕೊಂಡುಬಿಟ್ಟ. “ಆ ಫೋಲ್ಡರ್ ಡಿಲೀಟ್ ಮಾಡ್ದೆ ಅಮ್ಮೀ, ಮುಗೀತು. ಆತಿಫ್ ಅವರಮ್ಮಂಗೆ ಹೇಳಲ್ಲ, ನೀವೂ ಹೇಳ್ಬೇಡಿ.” ಹೇಳಿದರೆ ಆ ತಾಯಿ ಇನ್ನು ಯಾವ ಮದುವೆಯಲ್ಲೂ ದುಪಟ್ಟಾ ತೆಗೆಯುವುದಿಲ್ಲ. ಹೇಳದಿದ್ದರೆ ನನ್ನ ಮಾತನ್ನು ನಂಬಿಕೊಂಡೇ ನನ್ನನ್ನು ಊರಿಗೆಲ್ಲ ಶಿಫಾರಸು ಮಾಡುತ್ತಿರುತ್ತಾರೆ. ರೆಡ್‌ವುಡ್ ಸಿಟಿಯ ಒಂದು ಮನೆಗೆ ಆಗಲೇ ಮಾಡಿದ್ದಾರೆ. ನಾನು ಹೇಳುವವಳೇ. ಆದರೆ ಇಂಥದ್ದನ್ನು ಎದುರಿಗೆ ಕೂತು ಹೇಳಬೇಕು, ಹೋಗುವುದು ಹೇಗೆ? ಫ್ರೀಮಾಂಟ್ ಇಲ್ಲೇ ಮಗ್ಗುಲಲ್ಲಿದೆ, ನಡುವೆ ಫ್ರೀವೇ ಇದೆ. ಕಾರು ಓಡಿಸಲು ಬಾರದ ಹೆಂಗಸು ಇಲ್ಲಿ ಸಾಮಾನಿದ್ದಂತೆ, ಯಾರಾದರೂ ಎತ್ತಿಕೊಂಡು ಹೋಗಿ ಇಳಿಸಬೇಕು. ಕಲೀಮನನ್ನು ಕೇಳಿದರೆ “ವೀಕೆಂಡ್ ನೋಡೋಣ” ಎಂದಿದ್ದ. ಇವತ್ತು ವೀಕೆಂಡು. ನಾನು ಸೀರೆ ಉಟ್ಟು ಕೂತಿದ್ದೆ. ಅವನು ಆ ದಪ್ಪ ಲ್ಯಾಪ್‌ಟಾಪು ತರಲು ಒಬ್ಬನೇ ಹೋಗಿದ್ದಾನೆ. “ನಿಮಗೆ ಬೇಕಾದ ಪ್ರೊಸೆಸರ್ರೇ ತರ್ತೀನಿ, ಕೋಪ ಬಿಡಿ” ಎಂದ. ಅವನ ಮಟ್ಟಿಗೆ ಇದು ಇನ್ನೂ ಪ್ರೊಸೆಸರಿನ ಪ್ರಶ್ನೆ.

ನಿನ್ನ ಅಬ್ಬಾಗೆ ನನ್ನ ಸಲಾಂ ತಿಳಿಸು, ಕಲೀಮನ ವಿಷಯ ತಿಳಿಸಬೇಡ, ಅವರ ಬಿಪಿ ಏರುತ್ತದೆ. ಅಲ್ಲಾಹ್ ನಿನ್ನ ಕೈಗೂ ಕಣ್ಣಿಗೂ ಬರ್ಕತ್ ಕೊಡಲಿ.

ನಿನ್ನ ಅಮ್ಮಿ,
ರಹಮತ್ ಬೀ

ತಾ.ಕ.: ಸರೋಜಿನಿಯವರ ಕಾರು ಬಾಗಿಲಲ್ಲಿ ನಿಂತಿದೆ. ಲಕೋಟೆ ತರಲು ಹಾಲ್‌ಗೆ ಹೋದೆ, ಟಿವಿ ತಾನಾಗಿ ಫೋಟೊ ತೋರಿಸುತ್ತಿತ್ತು. ಫ್ರೀಮಾಂಟಿನವರು ಅದರಲ್ಲಿಲ್ಲ. ಈಗ ನಾನು ತೆಗೆಯದ ಮದುಮಗಳೊಬ್ಬಳಿದ್ದಾಳೆ, ಹಿಂದೆ ನಮ್ಮ ಉದಯಗಿರಿಯ ಶಾದಿ ಮಹಲಿನ ಹಸಿರು ಗೋಡೆ. ಅದು ನೀನು ತೆಗೆದ ಫೋಟೊ, ಅಮ್ರೀನ್. ಹೋದ ಡಿಸೆಂಬರಿನಲ್ಲಿ ಊರಿಗೆ ಬಂದಿದ್ದಾಗ ಸ್ಟುಡಿಯೋದ ಹೊಸ ಕಂಪ್ಯೂಟರನ್ನು ನಿನಗೆ ಸೆಟ್ ಮಾಡಿಕೊಟ್ಟದ್ದು ಕಲೀಮನೇ ಅಲ್ಲವೇ? ಯಾರ ಅಕೌಂಟಿನಿಂದ ತೆರೆದಿದ್ದಾನೆ ನೋಡು. ಸರೋಜಿನಿಯವರ ಫೋನಿನಿಂದ ಈಗಷ್ಟೇ ಕರೆ ಮಾಡಿದೆ, ಅಲ್ಲಿ ನಡುರಾತ್ರಿ, ನೀನು ಎತ್ತಲಿಲ್ಲ. ಮತ್ತೆ ಮಾಡುತ್ತೇನೆ. ಅಷ್ಟರೊಳಗೆ ಇದೇ ಕೈಸೇರಿದರೆ ಮೊದಲು ಇಂಟರ್ನೆಟ್ಟಿನ ವೈರು ಕಿತ್ತು ಹಾಕು, ಆಮೇಲೆ ಈ ವರ್ಷ ಯಾರ್ಯಾರ ಮನೆಯ ಹೆಣ್ಣುಮಕ್ಕಳನ್ನು ತೆಗೆದಿದ್ದೀಯ ಎಂದು ನೆನಪು ಮಾಡಿಕೋ. ಟಿವಿಯಲ್ಲಿ ಈಗ ಇನ್ನೊಬ್ಬಳು ಬಂದಳು.