ಗಸಗಸೆ ಆರಿಸಿದ ಹೆಂಗಸು

ದೆಹಲಿ, ೨೭-೮-೯೭

ಚಿಗವ್ವಗೆ ಶೀತಲಳ ಶರಣು.

ಅಫೀಮು ಮತ್ತು ಯುದ್ಧದ ಹಳೆಯ ಚಿತ್ರಗಳನ್ನು ನೋಡಿ, ಒಂದೊಂದರಲ್ಲಿ ಏನಿದೆ ಎಂದು ಚೀಟಿ ಬರೆಯುವುದು ಇಲ್ಲಿಯ ಫಿಲ್ಮ್ ಸಂಗ್ರಹಾಲಯದಲ್ಲಿ ನನ್ನ ಕೆಲಸ. ನಿನ್ನೆ ಅಫಘಾನಿಸ್ತಾನದ ಒಂದು ಚಿತ್ರದಲ್ಲಿ ಸೈನಿಕರು ಅಫೀಮಿನ ಹೊಲವನ್ನು ಬಡಿಗೆಯಿಂದ ಬಡಿದುಹಾಕುತ್ತಿದ್ದರು. ಅವರ ಹಿಂದೆಯೇ ಒಬ್ಬ ಹೆಂಗಸು ಒಣಗಿದ ಕಾಯಿಗಳನ್ನಷ್ಟೇ ಆರಿಸಿ, ಕಿವಿಯ ಹತ್ತಿರ ಅಲ್ಲಾಡಿಸಿ, ಒಡೆದು ಉಡಿಯಲ್ಲಿ ಸುರಿದುಕೊಳ್ಳುತ್ತಿದ್ದಳು. ಹಳೆಯ ಚೀಟಿಯಲ್ಲಿ ‘ಅಫೀಮು ಕದಿಯುವ ಕಳ್ಳಿ’ ಎಂದಿತ್ತು. ನನಗೆ ಸಿಟ್ಟು ಬಂತು. ಅಫೀಮೆಂದರೆ ಹಸಿ ಕಾಯಿಯ ಹಾಲು. ಒಣಗಿದ್ದರಲ್ಲಿ ಇರುವುದು ನಮ್ಮ ಗಸಗಸೆ! ಡಬ್ಬಿ ಚೆಲ್ಲಿದಾಗ “ಒಂದ ಕಾಳೂ ಬಿಡಬ್ಯಾಡವಾ, ಭಾಳ ತುಟ್ಟಿ ಐತಿ” ಅಂತ ನೀ ನೆಲದಿಂದ ಆರಿಸುತ್ತಿದ್ದೆಯಲ್ಲ, ಹಾಗೆಯೇ ಅವಳೂ.

ನಮ್ಮ ಕಚೇರಿಯ ಸಾಹೇಬರು ನಂಬಲಿಲ್ಲ. ನೀ ಬೈಲಹೊಂಗಲದಿಂದ ಕಳಿಸಿದ್ದ ಪಂಚಮಿಯ ಕರ್ಚಿಕಾಯಿ ಮುರಿದು ಒಳಗಿನ ಗಸಗಸೆ ತೋರಿಸಿದೆ. ಪರೀಕ್ಷೆ ಮಾಡುತ್ತ ಮಾಡುತ್ತ ನಾಲ್ಕು ತಿಂದರು, ಆಮೇಲೆ ಒಪ್ಪಿದರು. ಡಬ್ಬಿ ಖಾಲಿ, ಇನ್ನಷ್ಟು ಕಳಿಸು. ನನ್ನ ಕೆಮ್ಮು ಕಡಿಮೆಯಾಗಿದೆ, ಚಿಂತೆ ಬೇಡ.

ಈ ಪೋಸ್ಟ್‌ಕಾರ್ಡಿನಲ್ಲಿ ಇನ್ನು ಜಾಗವಿಲ್ಲ. ಆ ಹೆಂಗಸಿನ ಹೆಸರು ಇಲ್ಲಿ ಯಾರಿಗೂ ಗೊತ್ತಿಲ್ಲ. ಕಳ್ಳಿ ಅನ್ನುವುದನ್ನಾದರೂ ನನ್ನ ಕೈಯಿಂದಲೇ ಹೊಡೆದುಹಾಕಿದೆ.

ನಿನ್ನ ಶೀತಲ